ಫೋಟಾನಿನ ಗಾತ್ರ

ಎಂಬತ್ತರ ದಶಕದಲ್ಲಿ ಕುಷ್ಟಗಿಯಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಡಂ ಪಾಠ ಮುಗಿದ ಮೇಲೆ, "ತಿಳೀಲಿಲ್ಲಂದ್ರ ಜಗಳಾಡ್ರಿ" ಅನ್ನುತ್ತಿದ್ದರು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನನ್ನನ್ನು ಎಬ್ಬಿಸಿ, ರೇಡಿಯೋ ತರಂಗದ ಒಂದು ಫೋಟಾನು, ಅಂದರೆ ಅದರ ಶಕ್ತಿಯ ಒಂದು ಕಣ, ಎಷ್ಟು ದೊಡ್ಡದು ಎಂದು ಕೇಳಿದರು.

"ಅದಕ್ಕ ಇಂತಿಷ್ಟಂತ ಗಾತ್ರ ಇಲ್ರಿ," ಅಂದೆ.

"ತಪ್ಪು. ತರಂಗ ಮುನ್ನೂರು ಮೀಟರ್ ಉದ್ದ ಇದ್ದರೆ ಫೋಟಾನೂ ಅಷ್ಟೇ. ನಿಂತೇ ಇರು."

ಮೇಡಂ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದರು. "ಆಕಿ ಹೇಳಿದ್ದು ಖರೇ ಐತ್ರಿ. ಮುನ್ನೂರು ಮೀಟರ್ ಅನ್ನೋದು ಅಲೆಯ ಉದ್ದ. ಫೋಟಾನು ಪಟ್ಟಿ ಹಿಡಿದು ಅಳೆಯೋ ಗೋಲಿ ಅಲ್ಲ."

"ನಿಮ್ಮ ಮೇಲೆ ವರದಿ ಬರೀತೀನಿ."

"ಬರೀರಿ. ನೀ ಕುಂದ್ರವಾ."

ತಿಂಗಳೊಳಗೆ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡಲು ಹೋದ ನಾನು ಬಸ್ಸಿನ ಹತ್ತಿರ ಅಳತೊಡಗಿದೆ.

"ಉತ್ತರ ಬದಲು ಮಾಡ್ತಿಯೇನು?" ಎಂದು ಕೇಳಿದರು.

"ಇಲ್ರಿ ಮೇಡಂ."

"ಮತ್ತ್ಯಾಕ ಅಳ್ತಿ?" ಅಂದವರೇ ಬಸ್ಸು ಹತ್ತಿದರು.