ಕೊಳದಕ್ಕ ನೀರಿಗಿಳಿದರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಾರ್ವಜನಿಕ ಈಜುಕೊಳದ ಕಬ್ಬಿಣದ ಗೇಟು ಕಿರ್ರೆಂದು ತೆರೆದುಕೊಳ್ಳುತ್ತದೆ. ರಬ್ಬರ್ ಬೂಟು ಹಾಕಿಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು ಒಳಗೆ ಬರುವ ಹೆಂಗಸು ಮೊದಲು ನೀರಿನ ಮೇಲೆ ಟಾರ್ಚು ಬಿಟ್ಟು ನೋಡುತ್ತಾರೆ. ಆಮೇಲೆ ಗೋಡೆಗೆ ಒರಗಿಸಿಟ್ಟ ಉದ್ದನೆಯ ಕೋಲನ್ನು ಕೈಗೆತ್ತಿಕೊಳ್ಳುತ್ತಾರೆ. ಕೋಲಿನ ತುದಿಗೆ ಜಾಳಿಗೆ. ಕೊಳದ ಅಂಚಿನಲ್ಲಿ ನಿಧಾನವಾಗಿ ನಡೆಯುತ್ತಾ, ಹಾಲಿನ ಕೆನೆ ತೆಗೆದ ಹಾಗೆ, ನೀರು ಕದಡದಂತೆ ಕಸ ಎತ್ತುತ್ತಾರೆ.

"ಎಲೆ, ಹುಳ, ಕೂದಲಿನ ರಬ್ಬರ್ ಬ್ಯಾಂಡು, ಗಾಯಕ್ಕೆ ಅಂಟಿಸಿದ ಪಟ್ಟಿ, ಇವೆಲ್ಲ ದಿನಾ ಸಿಗ್ತವೆ. ಒಂದ್ಸಲ ಹಲ್ಲಿನ ಸೆಟ್ಟೇ ಸಿಕ್ತು. ಯಾರದಪ್ಪಾ ಇದು ಅಂತ ಎಲ್ಲರನ್ನೂ ಕೇಳ್ದೆ. ಒಬ್ಬರೂ ಬಾಯಿ ಬಿಡ್ಲಿಲ್ಲ."

ಹೇಳುವಾಗ ಮುಖದಲ್ಲಿ ನಗುವಿಲ್ಲ. ನಾನು ನಕ್ಕ ಮೇಲೆ ಅವರೂ ನಗುತ್ತಾರೆ.

ಈಜಲು ಬರುವ ಚಿಕ್ಕ ಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಎಲ್ಲರಿಗೂ ಅವರು ಕೊಳದಕ್ಕ. ಐವತ್ತು ದಾಟಿದ್ದಾರೆ. ಸುಮಾರು ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ಕಸ ಎತ್ತಿದ ಮೇಲೆ ಅಂಚಿನ ಟೈಲ್ಸಿಗೆ ಅಂಟಿದ ಜಿಡ್ಡು ಉಜ್ಜಬೇಕು. ಗಾಲಿ ಇರುವ ಯಂತ್ರ ಇಳಿಸಿ ತಳದ ಕೆಸರು ಹೀರಬೇಕು. ಪಂಪಿನ ಕೋಣೆಯಲ್ಲಿ ನೀರನ್ನು ಹಿಂದಕ್ಕೆ ತಿರುಗಿಸಿ ಫಿಲ್ಟರಿನ ಮರಳು ತೊಳೆಯಬೇಕು. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ ಕ್ಲೋರಿನ್ ಹಾಕಬೇಕು. ಇಷ್ಟೂ ಮುಗಿಯುವ ಹೊತ್ತಿಗೆ ಮೊದಲ ತಂಡದವರು ಟವೆಲು ಹೆಗಲಿಗೆ ಹಾಕಿಕೊಂಡು ಟಿಕೆಟ್ ಕಿಟಕಿಯ ಮುಂದೆ ನಿಂತಿರುತ್ತಾರೆ. ಕ್ಲೋರಿನ್ನಿಗೆ ಕೊಳದಕ್ಕನ ಅಂಗೈ ಸುಲಿದು ಗಟ್ಟಿಯಾಗಿದೆ. "ನಮ್ಮೆಜಮಾನ್ರು ನನ್ನನ್ನ ಕತ್ತಲಲ್ಲೂ ಗುರುತು ಹಿಡೀತಾರೆ, ವಾಸನೆಯಿಂದ" ಎನ್ನುತ್ತಾರೆ.

ಇಷ್ಟು ವರ್ಷ ನೀರಿನ ಅಂಚಿನಲ್ಲೇ ಬದುಕಿದ ಈ ಹೆಂಗಸಿಗೆ ಕಳೆದ ವರ್ಷದವರೆಗೆ ಈಜು ಬರುತ್ತಿರಲಿಲ್ಲ. ಬರದಿರುವುದಷ್ಟೇ ಅಲ್ಲ, ನೀರೆಂದರೆ ಜೀವ ಹೋಗುವಷ್ಟು ಭಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಲು ಜಾರಿ ಆಳದ ಕಡೆ ಬಿದ್ದಿದ್ದರು. ಪಂಪಿನ ಕೋಣೆಯಲ್ಲಿದ್ದವರು ಓಡಿ ಬಂದು, ಕೊಳದಕ್ಕನ ಕೈಯಿಂದ ಜಾರಿ ಅಂಚಿನಲ್ಲೇ ಬಿದ್ದಿದ್ದ ಜಾಳಿಗೆಯ ಕೋಲನ್ನೇ ಚಾಚಿ ಮೇಲೆಳೆದರು.

"ಕಸ ಎತ್ತೋ ಕೋಲಲ್ಲಿ ನನ್ನನ್ನೇ ಎತ್ತಿದ್ರು. ಅವತ್ತಿಂದ ಆಳದ ಕಡೆ ಹೋದಾಗ ಒಂದು ಕೈ ಕಂಬಿ ಮೇಲೇ ಇರೋದು. ನೀರು ತೊಳೆಯೋದಷ್ಟೇ ನನ್ನ ಕೆಲಸ, ಅದರ ಸಹವಾಸ ಬೇಡ ಅಂದ್ಕೊಂಡಿದ್ದೆ."

ವಾರಕ್ಕೊಮ್ಮೆ ಮಧ್ಯಾಹ್ನ ಈ ಕೊಳಕ್ಕೆ ಒಂದು ವ್ಯಾನು ಬರುತ್ತಿತ್ತು. ನಡೆಯಲಾಗದ ಮಕ್ಕಳನ್ನು ಹಗಲಲ್ಲಿ ನೋಡಿಕೊಳ್ಳುವ ಒಂದು ಕೇಂದ್ರ ಹತ್ತಿರದಲ್ಲೇ ಇದೆ. ಜನರು ಕೊಡುವ ದಾನದಿಂದ ನಡೆಯುವಂಥದ್ದು. ಅಲ್ಲಿನ ಮಕ್ಕಳಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿ ಮೇಡಂ ಕರೆತರುತ್ತಿದ್ದರು. ನೆಲದ ಮೇಲೆ ಇಬ್ಬರು ಹಿಡಿದರೂ ನಿಲ್ಲಲಾರದ ಮಕ್ಕಳು ನೀರಿನಲ್ಲಿ ಕಾಲು ಬಡಿಯುತ್ತಿದ್ದರು. ಅವರಲ್ಲೊಬ್ಬಳು ಎಂಟು ವರ್ಷದ ಹುಡುಗಿ. ಕೇಂದ್ರದಲ್ಲಿ ಎಲ್ಲರೂ ಅವಳನ್ನು ವಾಚಾಳಿ ಎಂದೇ ಕರೆಯುತ್ತಾರೆ. ಅವಳು ಒಂದು ದಿನ ನೀರಿನಿಂದಲೇ ಕೂಗಿ ಕೇಳಿದಳಂತೆ: "ಅಕ್ಕಾ, ನಂಗೆ ಕಾಲು ಬರಲ್ಲ, ಆದ್ರೂ ನಾನು ಇಳಿದಿದೀನಿ. ನಿಂಗೆ ಏನು ಬರಲ್ಲ?"

"ಏನಂತ ಹೇಳ್ಲಿ? ಧೈರ್ಯ ಬರಲ್ಲ ಕಣೆ ಅಂದೆ" ಎನ್ನುತ್ತಾರೆ ಕೊಳದಕ್ಕ.

ಕಳೆದ ಬೇಸಿಗೆಯ ಕೊನೆಗೆ ವ್ಯಾನಿನ ಎಂಜಿನ್ ಕೈಕೊಟ್ಟಿತು. ಸರಿಪಡಿಸಲು ಕೇಂದ್ರದ ಬಳಿ ಹಣವಿರಲಿಲ್ಲ. ಮಕ್ಕಳು ಬರುವುದು ನಿಂತಿತು. ಮುಂದಿನ ಬೇಸಿಗೆಯೊಳಗೆ ಮಕ್ಕಳು ಬರದಿದ್ದರೆ ಆ ಹೊತ್ತನ್ನು ಬೇರೆ ತಂಡಕ್ಕೆ ಕೊಡಬೇಕಾಗುತ್ತದೆ ಎಂದು ಕೊಳದ ವ್ಯವಸ್ಥಾಪಕರು ಹೇಳಿದರು. ಅವರದೂ ತಪ್ಪಲ್ಲ, ಕೊಳ ಖಾಲಿ ಬಿಡುವಂತಿಲ್ಲ. ಒಂದು ಸಂಜೆ ಕೊಳದಕ್ಕ ಕೇಂದ್ರಕ್ಕೆ ಹೋಗಿ ನೋಡಿದರು. ವಾಚಾಳಿಯ ಕಾಲುಗಳು ಮತ್ತೆ ಸೆಟೆದುಕೊಂಡಿದ್ದವು. ಅವಳು ಅವತ್ತು ಹೆಚ್ಚು ಮಾತಾಡಲಿಲ್ಲ.

ಕೆಲವರು ದೂರ ಓಡಿ, ಬೆಟ್ಟ ಹತ್ತಿ, ಸೈಕಲ್ ತುಳಿದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವುದನ್ನು ಕೊಳದಕ್ಕ ಕೇಳಿದ್ದರು. "ಓಡೋಣ ಅಂದ್ರೆ ನಂಗೆ ಮೊಣಕಾಲು ನೋವು. ನೀರಲ್ಲಿ ಮೊಣಕಾಲಿಗೆ ಭಾರ ಇರಲ್ಲ ಅಂತ ಮೇಡಂ ಮಕ್ಕಳ ಅಮ್ಮಂದಿರಿಗೆ ಹೇಳೋದು ಕಿವಿಗೆ ಬಿದ್ದಿತ್ತು. ಸರಿ, ಇದೇ ಕೊಳದಲ್ಲಿ ಈಜ್ತೀನಿ ಅಂದ್ಬಿಟ್ಟೆ."

ಒಂದು ಕಿಲೋಮೀಟರ್ ಎಂದು ತೀರ್ಮಾನವಾಯಿತು. ಈ ದಡದಿಂದ ಆ ದಡಕ್ಕೆ ನಲವತ್ತು ಸಲ. ಪ್ರತಿ ಸಲಕ್ಕೂ ಇಷ್ಟು ಎಂದು ಜನ ತಮ್ಮ ಕೈಲಾದದ್ದನ್ನು ಕೊಡಬೇಕು. ಬಂದ ಹಣ ಎರಡು ಕಡೆಗೆ ಹೋಗಬೇಕೆಂಬುದು ಅವರ ಷರತ್ತು. ಒಂದು, ಮಕ್ಕಳ ವ್ಯಾನಿಗೆ. ಇನ್ನೊಂದು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಸ್ವಯಂಸೇವಕರ ಗುಂಪಿಗೆ. ಅವರ ಅತ್ತೆ ಕೊನೆಯ ದಿನಗಳಲ್ಲಿ ಹಾಸಿಗೆ ಹುಣ್ಣಿನಿಂದ ನರಳುವಾಗ ಆ ಗುಂಪಿನವರೇ ಗಾಳಿ ತುಂಬುವ ಹಾಸಿಗೆ ತಂದುಕೊಟ್ಟಿದ್ದರು. "ಅತ್ತೆ ತೀರ್ಕೊಂಡ ಮಾರನೇ ದಿನವೇ ಆ ಹಾಸಿಗೆ ಇನ್ನೊಬ್ಬರ ಮನೆಗೆ ಹೋಯ್ತು. ಅಷ್ಟು ಕೊರತೆ ಅವರಿಗೆ."

ಕಲಿಸುವ ಹೊಣೆ ಹೊತ್ತವರು ಕೊಳದ ತರಬೇತುದಾರರು. ಎಲ್ಲರೂ ಮಾಸ್ತರ್ ಎನ್ನುತ್ತಾರೆ. ನಿವೃತ್ತಿಗೆ ಹತ್ತಿರವಾದ, ಕಡಿಮೆ ಮಾತಿನ ಮನುಷ್ಯ. ಮೊದಲ ದಿನ ಅವರು ನೀರಿಗೆ ಇಳಿಸಲೇ ಇಲ್ಲ. "ಮನೇಲಿ ಬಕೆಟ್ಟಿಗೆ ಮುಖ ಅದ್ದಿ ಉಸಿರು ಬಿಡೋದು ಕಲ್ತು ಬನ್ನಿ" ಎಂದು ಕಳಿಸಿದರು.

ಬಚ್ಚಲಿನಿಂದ ಬುಳುಬುಳು ಸದ್ದು ಕೇಳಿ ಯಜಮಾನರು ಬಾಗಿಲು ತಟ್ಟಿದರಂತೆ. "ಏನೇ ಅದು, ಪೈಪ್ ಒಡೀತಾ?" "ಇಲ್ಲ, ನಾನು." "ನೀನು ಒಡೆದ್ಯಾ?"

ಯಜಮಾನರು ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಾರೆ. ವಿಷಯ ತಿಳಿದಾಗ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಡ್ಡಿ ಬಂದದ್ದು ನಾದಿನಿಯ ಬಾಯಿಂದ. "ಅರವತ್ತಕ್ಕೆ ಅರಳು ಮರಳು ಅಂತಾರೆ, ಅತ್ತಿಗೆಗೆ ಐವತ್ತಕ್ಕೇ ಬಂತು. ಮೊಮ್ಮಗು ಆಡಿಸೋ ವಯಸ್ಸಲ್ಲಿ ಆ ಬಟ್ಟೆ ಹಾಕ್ಕೊಂಡು ನಾಲ್ಕು ಜನರ ಮುಂದೆ ನಿಲ್ತಾರಂತೆ!" ಈ ಮಾತು ಕೊಳದಕ್ಕನಿಗೆ ನಾಟಿತು. ನೀರಿನ ಭಯದಷ್ಟೇ ಅದೂ ದೊಡ್ಡದಾಗಿತ್ತು. ಎರಡು ದಿನ ಮಾಸ್ತರ ಹತ್ತಿರ ಹೋಗಲಿಲ್ಲ.

ಮೂರನೆಯ ದಿನ ಸೊಸೆ ಅವರನ್ನು ಹೊಲಿಗೆ ಯಂತ್ರದ ಮುಂದೆ ನಿಲ್ಲಿಸಿ ಅಳತೆ ತೆಗೆದಳು. ಹೊಲಿಗೆಯೇ ಅವಳ ಉದ್ಯೋಗ. ನೀರು ಕುಡಿಯದ ಬಟ್ಟೆಯಲ್ಲಿ ಮಣಿಕಟ್ಟಿನವರೆಗೆ ತೋಳು, ಕಣಕಾಲಿನವರೆಗೆ ಕಾಲು ಇರುವ ಕಡುನೀಲಿ ಉಡುಪು ಹೊಲಿದಳು. "ಅತ್ತೆ, ಇದನ್ನ ಹಾಕ್ಕೊಂಡ್ರೆ ನಿಮ್ಮ ಮುಖ, ಅಂಗೈ, ಅಂಗಾಲು ಬಿಟ್ರೆ ಏನೂ ಕಾಣ್ಸಲ್ಲ. ಇನ್ನೂ ಯಾರಾದ್ರೂ ಮಾತಾಡಿದ್ರೆ ಅವರ ಬಾಯಿಗೂ ಅಳತೆ ತಗೊಂಡು ಒಂದು ಹೊಲಿದು ಕೊಡ್ತೀನಿ" ಎಂದಳಂತೆ.

ಮೊದಲ ತಿಂಗಳು ಕಂಬಿ ಬಿಡಲಿಲ್ಲ. ಎದೆಮಟ್ಟದ ನೀರಿನಲ್ಲೂ ಅದನ್ನು ಹಿಡಿದೇ ನಿಲ್ಲುತ್ತಿದ್ದರು. ಒಂದು ದಿನ ಮಾಸ್ತರರು ನೀರೊಳಗೆ ಕಣ್ಣು ಬಿಡಲು ಹೇಳಿದರು. "ಇಷ್ಟು ವರ್ಷ ಮೇಲಿಂದ ನೋಡಿದ ಟೈಲ್ಸನ್ನ ಅವತ್ತು ಒಳಗಿಂದ ನೋಡ್ದೆ. ಮೆಟ್ಟಿಲ ಕೆಳಗಡೆ ಮೂಲೇಲಿ ಪಾಚಿ! ನಾನು ದಿನಾ ಉಜ್ಜೋ ಕೊಳ! ಹೆದರಿಕೆ ಎಲ್ಲಿ ಹೋಯ್ತೋ, ಸಿಟ್ಟು ಬಂತು ನೋಡಿ. ಬ್ರಷ್ ತರಿಸ್ಕೊಂಡು ಮುಳುಗಿ ಮುಳುಗಿ ಉಜ್ಜಿದೆ."

ಮಾಸ್ತರರು ತಡೆಯಲಿಲ್ಲ. "ನೀರೊಳಗೆ ತಲೆ ಹಾಕೋಕೆ ಹೆದರೋದನ್ನ ಅವರು ಮರೆತಿದ್ದೇ ಅವತ್ತು" ಎಂದು ನನಗೆ ಹೇಳಿದರು. "ಆಮೇಲೆ ಕೈಕಾಲು ಕಲಿಸೋದು ದೊಡ್ಡ ವಿಷಯ ಆಗ್ಲಿಲ್ಲ."

ಚಳಿಗಾಲ ಪೂರ್ತಿ, ಕೆಲಸ ಮುಗಿದ ಮೇಲೆ ಅಭ್ಯಾಸ ನಡೆಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಕಟ್ಟಿದವರು ನೀರಿಗೆ ಇಳಿದವರಲ್ಲ ಎಂಬುದು ಕೊಳದಕ್ಕನ ಅಭಿಪ್ರಾಯ. ಒಂದು ಸಲ ಆ ದಡ ಮುಟ್ಟಿದಾಗ ಅತ್ತರು. ಹತ್ತು ಸಲ ಮುಟ್ಟುವಾಗ ಬೇಸಿಗೆ ಹತ್ತಿರ ಬಂದಿತ್ತು.

ಗೊತ್ತು ಮಾಡಿದ ಭಾನುವಾರ ಕೊಳದ ಸುತ್ತ ಜನವೋ ಜನ. ಶುಶ್ರೂಷೆಯ ಗುಂಪಿನವರು, ಮಕ್ಕಳ ತಂದೆತಾಯಿಯರು, ದಿನಾ ಈಜುವವರು. ನಾದಿನಿಯೂ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಕೊಳದಕ್ಕ ನಿಧಾನವಾಗಿ, ತಲೆ ಹೊರಗಿಟ್ಟು, ಕಪ್ಪೆಯ ಹಾಗೆ ಕಾಲು ಮಡಚಿ ಚಾಚುತ್ತಾ ಈಜಿದರು. ಹತ್ತಾಯಿತು, ಇಪ್ಪತ್ತಾಯಿತು. ಇಪ್ಪತ್ತೈದರ ನಂತರ ಪ್ರತಿ ದಡದಲ್ಲೂ ಕಂಬಿ ಹಿಡಿದು ಉಸಿರು ತೆಗೆದುಕೊಳ್ಳತೊಡಗಿದರು. ಮೂವತ್ತೊಂದು ಮುಗಿಸಿ ತಿರುಗಿದಾಗ ಬಲಗಾಲಿನ ಮೀನಖಂಡ ಗಂಟು ಹಾಕಿದಂತೆ ಹಿಡಿದುಕೊಂಡಿತು. ಅದೂ ಆಳದ ಕಡೆಯಲ್ಲಿ. ಮುಖ ನೀರಿಗೆ ಹೋಯಿತು. ಮಾಸ್ತರರು ಧುಮುಕಿ ಹಿಡಿದರು. ಮತ್ತೆ ಇಳಿಯುತ್ತೇನೆಂದು ಕೊಳದಕ್ಕ ಹಟ ಮಾಡಿದರೂ ಬಿಡಲಿಲ್ಲ.

ವ್ಯವಸ್ಥಾಪಕರು ಮೈಕಿನಲ್ಲಿ ಒಳ್ಳೆಯ ಮಾತೇ ಆಡಿದರು. ಇಷ್ಟು ಈಜಿದ್ದೇ ಸಾಧನೆ, ದಾನಿಗಳೆಲ್ಲ ನಲವತ್ತಕ್ಕೂ ಲೆಕ್ಕ ಹಾಕಿ ಕೊಡಲು ಒಪ್ಪಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ಟವೆಲು ಸುತ್ತಿಕೊಂಡು ಕೂತಿದ್ದ ಕೊಳದಕ್ಕ ಮೈಕು ಕೇಳಿ ಪಡೆದರು.

"ಈಜಿದ್ದಕ್ಕೆ ಕೊಡಿ. ಈಜದೇ ಇದ್ದದ್ದಕ್ಕೆ ಬೇಡ. ಬಾಕಿ ಒಂಬತ್ತು ನಾಳೆ ಬೆಳಿಗ್ಗೆ ಈಜ್ತೀನಿ."

ಫಿಸಿಯೋಥೆರಪಿ ಮೇಡಂ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಕಾಲು ನೋಡ್ಕೊಳಿ. ಮಕ್ಕಳಿಗೋಸ್ಕರ ತಾನೇ ಕೊಡ್ತಿರೋದು, ತಗೊಳ್ಳೋಣ" ಎಂದರು.

"ಮಕ್ಕಳಿಗೋಸ್ಕರಾನೇ ಬೇಡ ಅಂತಿರೋದು ಮೇಡಂ. ನೀವು ಇನ್ನೊಂದು ಸಲ, ಇನ್ನೊಂದು ಸಲ ಅಂದಾಗ ಅವು ಅಳ್ತಾ ಅಳ್ತಾ ಕಾಲು ಎತ್ತುತ್ತವೆ. ಸಾಕು ಬಿಡು ಪುಟ್ಟಾ, ಎತ್ತಿದ್ದೀಯ ಅಂತ ಅಂದ್ಕೋತೀನಿ ಅಂತ ಒಂದಿನನಾದ್ರೂ ಹೇಳಿದೀರಾ?"

ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಮೇಡಂ ಕೇಳಿದರು.

ಮಾರನೆಯ ದಿನ ಅವರು ಎಂದಿಗಿಂತ ಬೇಗ ಬಂದರು. ಹಿಂದಿನ ದಿನದ ಜಾತ್ರೆಯಂಥ ಜನಸಂದಣಿಯಿಂದ ಕೊಳದಲ್ಲಿ ಕಸವೂ ಹೆಚ್ಚೇ ಇತ್ತು. ಕುಂಟುತ್ತಲೇ ಎಲ್ಲ ತೊಳೆದು, ಕ್ಲೋರಿನ್ ಹದ ನೋಡಿ, ಆಮೇಲೆ ನೀಲಿ ಉಡುಪು ಹಾಕಿಕೊಂಡು ಬಂದರು. ಮಾಸ್ತರರು, ಸೊಸೆ, ಮೇಡಂ ಇದ್ದರು. ಯಜಮಾನರು ಅಚ್ಚುಕೂಟಕ್ಕೆ ರಜೆ ಹಾಕಿದ್ದರು. ವಾಚಾಳಿಯನ್ನು ಅವಳ ಅಪ್ಪ ಹೆಗಲ ಮೇಲೆ ಹೊತ್ತು ತಂದಿದ್ದರು. ಎಣಿಸುವ ಕೆಲಸ ಅವಳದು. ದಡದಲ್ಲಿ ಕೂತು ಮೂವತ್ತೆರಡು, ಮೂವತ್ತಮೂರು ಎಂದು ಗಂಟಲು ಹರಿಯುವಂತೆ ಕೂಗಿದಳು. ನಲವತ್ತು ಎಂದಾಗ ಕೊಳದಕ್ಕ ಕಂಬಿಗೆ ತಲೆ ಆನಿಸಿದರು. ಮೇಲೆ ಬರಲು ಕೈ ಚಾಚಿದವರು ಯಜಮಾನರು.

ಬಟ್ಟೆ ಬದಲಿಸಿ ಬಂದ ಮೇಲೆ ಸೊಸೆ ವಿಷಯ ಬಿಚ್ಚಿಟ್ಟಳು. ವಾಚಾಳಿ ಮೂವತ್ತಾರನ್ನು ಎರಡು ಸಲ ಕೂಗಿದ್ದಳು. ಅಲ್ಲಿದ್ದವರಿಗೆಲ್ಲ ತಿಳಿದಿತ್ತು, ಆದರೆ ಆ ಉತ್ಸಾಹದ ನಡುವೆ ತಿದ್ದಲು ಯಾರಿಗೂ ಬಾಯಿ ಬರಲಿಲ್ಲ. ಕೊಳದಕ್ಕ ಈಜಿದ್ದು ನಲವತ್ತೊಂದು.

"ಇರ್ಲಿ ಬಿಡಿ," ಎನ್ನುತ್ತಾರೆ, "ಒಂದು ದಿನ ತಡ ಮಾಡಿದ್ದಕ್ಕೆ ಬಡ್ಡಿ."

ಈಗ ವ್ಯಾನು ಓಡುತ್ತಿದೆ. ಎಂಜಿನ್ ರಿಪೇರಿಯಾಗಿ, ಗಾಲಿಕುರ್ಚಿ ಹತ್ತಿಸಲು ಹಿಂದೆ ಇಳಿಜಾರು ಹಲಗೆಯೂ ಬಂದಿದೆ. ಶುಶ್ರೂಷೆಯ ಗುಂಪಿಗೆ ಆರು ಹೊಸ ಹಾಸಿಗೆಗಳು ಸೇರಿವೆ, ಆರೂ ಬೇರೆ ಬೇರೆ ಮನೆಗಳಲ್ಲಿವೆ. ವಾರಕ್ಕೊಂದು ಮಧ್ಯಾಹ್ನ ಕೊಳದಕ್ಕ ಮಕ್ಕಳ ಜೊತೆ ನೀರಿಗಿಳಿಯುತ್ತಾರೆ, ಮೇಡಂ ಹೇಳಿದಂತೆ ಬೆನ್ನು ಹಿಡಿಯುತ್ತಾರೆ. ಅದಕ್ಕೆ ಸಂಬಳವಿಲ್ಲ, ಅವರು ಕೇಳಿಯೂ ಇಲ್ಲ. ನಾದಿನಿ ಮೊನ್ನೆ ಸೊಸೆಯ ಹತ್ತಿರ ಬಂದು, ಆ ನೀಲಿ ಬಟ್ಟೆ ತನ್ನ ಅಳತೆಗೂ ಆಗುತ್ತದೆಯೇ ಎಂದು ವಿಚಾರಿಸಿ ಹೋಗಿದ್ದಾರೆ.

ಮುಂದೇನು ಎಂದು ಕೇಳುತ್ತೇನೆ. ಎರಡು ಕಿಲೋಮೀಟರೋ, ನದಿಯೋ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಕೊಳದಕ್ಕ ಬ್ರಷ್ಷಿನ ಹಿಡಿಯ ಮೇಲೆ ಗದ್ದ ಊರುತ್ತಾರೆ.

"ಒಂದೇ ಒಂದು ಆಸೆ ಇದೆ. ಬೇರೆ ಯಾರೋ ತೊಳೆದಿಟ್ಟ ಕೊಳದಲ್ಲಿ ಒಂದಿನ ಈಜ್ಬೇಕು. ಮೂಲೇಲಿ ಪಾಚಿ ಇದ್ರೂ ನೋಡ್ದೇ ಇರ್ಬೇಕು."