ಲಾಂಗ್ ಬೆಲ್ಲಿಗೆ ಓಡಿ ಬಂದವರು

ಗಂಟೆ ಮೇಷ್ಟ್ರು ಮೇಷ್ಟ್ರೇ ಅಲ್ಲ. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಂಟೆ ಹೊಡೆದ ಜವಾನ. ಆದರೆ ಹೆಡ್‌ಮಾಸ್ಟರೂ ಸೇರಿದಂತೆ ಎಲ್ಲರೂ ಏಳುತ್ತಿದ್ದದ್ದು, ಕೂರುತ್ತಿದ್ದದ್ದು ಅವರ ಗಂಟೆಗೇ ಆದ್ದರಿಂದ ಊರಿನವರು ಆ ಹೆಸರಿಟ್ಟಿದ್ದರು. ಮೊದಮೊದಲು ಗೇಲಿಗೆ, ಆಮೇಲೆ ರೂಢಿಗೆ. ಶಾಲೆಗೆ ಕರೆಂಟಿನ ಬೆಲ್ಲು ಬಂದ ವರ್ಷವೇ ಅವರಿಗೆ ನಿವೃತ್ತಿಯೂ ಬಂತು. ನೆನಪಿಗೆ ಏನು ಕೊಡೋಣ ಎಂದು ಕೇಳಿದಾಗ ಅವರು ಹಿಂದೆಮುಂದೆ ನೋಡದೆ ಗಂಟೆಯನ್ನೇ ಕೇಳಿದರು. ದೊಡ್ಡ ಪಾತ್ರೆಯ ಮುಚ್ಚಳದಷ್ಟು ಅಗಲದ ಕಂಚಿನ ತಟ್ಟೆ, ಹೊಡೆದೂ ಹೊಡೆದೂ ನಡುವೆ ತಗ್ಗು ಬಿದ್ದದ್ದು. ಜೊತೆಗೆ ಹಿಡಿ ಸವೆದ ಮರದ ಸುತ್ತಿಗೆ. ಎರಡನ್ನೂ ಎದೆಗವಚಿಕೊಂಡು ಊರಾಚೆಯ ತಮ್ಮ ಮನೆಗೆ ತಂದು ಹಿತ್ತಿಲ ಬಾಗಿಲ ತೊಲೆಗೆ ತೂಗುಹಾಕಿದರು.

ಅಂದಿನಿಂದ ಆ ಮನೆಯಲ್ಲಿ ಗಂಟೆ ಹೊಡೆಯದೆ ಯಾವ ಕೆಲಸವೂ ನಡೆಯಲಿಲ್ಲ. ಐದೂ ಮುಕ್ಕಾಲಿಗೆ ಏಳುವ ಗಂಟೆ. ಹನ್ನೆರಡೂ ಮುಕ್ಕಾಲಿಗೆ ಊಟದ ಗಂಟೆ: ಮೂರು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೊಂದು ಪೆಟ್ಟು. ಸಂಜೆ ಕೋಳಿಗಳು ಗೂಡು ಸೇರುವುದಕ್ಕೆ ಲಾಂಗ್ ಬೆಲ್. ಕೋಳಿಗಳು ಒಂದೇ ವಾರದಲ್ಲಿ ಕಲಿತವು. ಹೆಂಡತಿ ಮಾತ್ರ ಕಲಿಯಲಿಲ್ಲ.

"ಅಡುಗೆ ಮಾಡೋಳು ನಾನು, ಉಣ್ಣೋರು ನೀವು. ನಡುವೆ ಈ ಗಂಟೆ ಯಾರಿಗ್ರೀ?" ಎಂದು ಆಕೆ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು.

"ಗಂಟೆ ಇಲ್ದೆ ಉಂಡ್ರೆ ಅದು ಊಟ ಅಲ್ಲ ಕಣೇ, ಬರೀ ತಿನ್ನೋದು," ಎನ್ನುತ್ತಿದ್ದರು ಮೇಷ್ಟ್ರು.

ಇಂಥ ಶಿಸ್ತಿನ ಮನೆಗೆ ಒಂದು ಬೆಳಿಗ್ಗೆ ಕಾಂಗರೂ ಬಂತು.

ಕಾಂಗರೂ ಆ ನಾಡಿನ ಪ್ರಾಣಿಯಲ್ಲ. ಸಮುದ್ರದಾಚೆ ಎಲ್ಲೋ ಇರುತ್ತದೆ ಎಂದು ಮೇಷ್ಟ್ರು ನಾಲ್ಕನೇ ತರಗತಿಯ ಗೋಡೆಯ ಚಿತ್ರದಲ್ಲಿ ನೋಡಿದ್ದರು. ಆ ಚಿತ್ರಕ್ಕೆ ಮೊಳೆ ಹೊಡೆದವರೂ ಅವರೇ. ಈಗ ಅದೇ ಪ್ರಾಣಿ, ಆಳೆತ್ತರ, ಹೆಂಡತಿಯ ಹುರುಳಿಕಾಯಿ ಸಾಲಿನ ನಡುವೆ ನಿಂತು, ಎರಡೂ ಕೈಯಲ್ಲಿ ಬಳ್ಳಿ ಹಿಡಿದು, ಪುರುಸೊತ್ತಾಗಿ ಮೆಲ್ಲುತ್ತಿತ್ತು. ಹೆಂಡತಿ ಪೊರಕೆ ತೋರಿಸಿದಳು. ಅದು ಕ್ಯಾರೇ ಎನ್ನಲಿಲ್ಲ. ಮೇಷ್ಟ್ರು ಕ್ಷಣ ಯೋಚಿಸಿ ಸುತ್ತಿಗೆ ಎತ್ತಿಕೊಂಡರು. ಅವರ ಲೆಕ್ಕ ಬಲು ಸರಳ: ಮೂವತ್ತನಾಲ್ಕು ವರ್ಷದಲ್ಲಿ ಲಾಂಗ್ ಬೆಲ್ ಕೇಳಿಯೂ ಮನೆಗೆ ಓಡದ ಜೀವವನ್ನು ಅವರು ಕಂಡಿರಲಿಲ್ಲ. ಠಣಠಣಠಣ ಎಂದು ಕೈ ಸೋಲುವವರೆಗೆ ಬಾರಿಸಿದರು.

ಬೇಲಿಯಾಚೆಯಿಂದ ಇನ್ನೂ ಮೂರು ಕಾಂಗರೂಗಳು ನೆಗೆದು ಒಳಗೆ ಬಂದವು.

"ಜೋರಾಗಿ ಹೊಡೀಲಿಲ್ಲ ಅನ್ಸುತ್ತೆ," ಎಂದರು ಮೇಷ್ಟ್ರು.

ಮಾರನೆಯ ದಿನ ಜೋರಾಗಿ ಹೊಡೆದರು. ಆರು ಬಂದವು. ಅದರ ಮಾರನೆಯ ದಿನ ಏಣಿ ಹತ್ತಿ, ಗಂಟೆಯನ್ನು ಸೂರಿನ ಎತ್ತರಕ್ಕೆ ಕಟ್ಟಿ, ಮೂರು ಊರಿಗೆ ಕೇಳುವ ಹಾಗೆ ಹೊಡೆದರು. ಅಂದು ಏಳು ಬಂದವು. ಅವುಗಳಲ್ಲಿ ಒಂದು ತನ್ನ ಮರಿಯನ್ನೂ ಹೊಟ್ಟೆಯ ಚೀಲದಲ್ಲಿಟ್ಟುಕೊಂಡು ಬಂದಿತ್ತು. ಕೋಳಿಗಳು ಮಾತ್ರ ಪಾಪ, ನಟ್ಟನಡು ಬೆಳಿಗ್ಗೆ ಗೂಡಿಗೆ ಹೋಗಿ ಕೂತವು.

"ಕಳ್ಳತನಕ್ಕೆ ಅಂತಾನೇ ಜೇಬಿಟ್ಕೊಂಡು ಹುಟ್ಟಿದಾವೆ!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಕೋಸು ಹೋಗಿತ್ತು, ಮೂಲಂಗಿ ಹೋಗಿತ್ತು, ಹುರುಳಿಕಾಯಿಯ ಎರಡೇ ಸಾಲು ಉಳಿದಿದ್ದವು. "ನೋಡಿ, ಹೇಳ್ತಾ ಇದೀನಿ. ಇನ್ನೊಂದು ಸಾಲು ಹೋದ್ರೆ ನಾನು ತಂಗಿ ಮನೇಗೆ ಹೋಗ್ತೀನಿ. ನೀವೂ ನಿಮ್ಮ ಗಂಟೇನೂ ಈ ಪ್ರಾಣಿಗಳ ಜೊತೆ ಸಂಸಾರ ಮಾಡ್ಕೊಳ್ಳಿ."

ಮೇಷ್ಟ್ರು ಅರಣ್ಯ ಇಲಾಖೆಗೆ ಹೋಗಿ ಅರ್ಜಿ ಕೊಟ್ಟರು. ಅಧಿಕಾರಿಣಿ ಜೀಪಿನಲ್ಲಿ ಬಂದರು. ಒಳ್ಳೆಯ ಹೆಂಗಸು, ಆದರೆ ಕೈಯಲ್ಲಿ ಮುದ್ರಿತ ನಮೂನೆಯಿತ್ತು.

"ಹಂದಿ ಇದೆ, ಕೋತಿ ಇದೆ, ಜಿಂಕೆ ಇದೆ. ಇದು ಪಟ್ಟೀಲಿ ಇಲ್ಲ ಯಜಮಾನ್ರೇ," ಎಂದರು.

"ಪಟ್ಟೀಲಿ ಇಲ್ಲ ಮೇಡಂ, ಹಿತ್ತಲಲ್ಲಿದೆ."

"ಅದು ಸರಿ. ಆದ್ರೆ ಇಲ್ಲಿ ಇರಬಾರದ ಪ್ರಾಣಿ ಇದು. ಇದೆ ಅಂತ ನಾನು ಬರೆದ್ರೆ, ಯಾಕಿದೆ ಅಂತ ಮೇಲಿನವರು ನನ್ನ ಕೇಳ್ತಾರೆ." ಆಕೆ ಸ್ವಲ್ಪ ಹೊತ್ತು ಪೆನ್ನು ಕಚ್ಚಿದರು. ಕಡೆಗೆ 'ಮೊಲ, ದೊಡ್ಡದು' ಎಂದು ಬರೆದುಕೊಂಡು, ಬಂದ ಹಾಗೆಯೇ ಹೊರಟರು.

ನಿಜ ಗೊತ್ತಾದದ್ದು ಅವರಿಂದಲ್ಲ. ಗುಡ್ಡದ ಮೇಲೆ ಗಣಿ ಧಣಿಯೊಬ್ಬ ಶೋಕಿಗೆಂದು ದೇಶದೇಶದ ಪ್ರಾಣಿಗಳನ್ನು ತಂದು ಸಾಕಿದ್ದ. ಶೋಕಿ ತೀರಿದ ಮೇಲೆ ಬಂಗಲೆಗೆ ಬೀಗ ಹಾಕಿ ಹೋದ. ಬೇಲಿಗೆ ಯಾರು ದಿಕ್ಕು? ಅಲ್ಲಿ ಮೇವು ಹಾಕುತ್ತಿದ್ದ ಮುದುಕ ಒಂದು ಮಧ್ಯಾಹ್ನ ದಾರಿಯಲ್ಲಿ ಹೋಗುತ್ತಿದ್ದವನು ಗಂಟೆಯ ಸದ್ದು ಕೇಳಿ ಹಿತ್ತಿಲಿಗೇ ನುಗ್ಗಿ ಬಂದ. ಮೇಷ್ಟ್ರು ಬೆವರು ಸುರಿಸುತ್ತ ಲಾಂಗ್ ಬೆಲ್ ಹೊಡೆಯುತ್ತಿದ್ದರು. ಕಾಂಗರೂಗಳು ಸುತ್ತ ನಿಂತಿದ್ದವು.

"ಏನಣ್ಣಾ, ಇವಕ್ಕೆ ನೀನು ಊಟ ಹಾಕ್ತಿದೀಯಾ?" ಎಂದು ಮುದುಕ ಕಣ್ಣರಳಿಸಿದ.

"ಓಡಿಸ್ತಿದೀನಿ!"

"ಅಯ್ಯೋ, ದಿನಾ ಕಬ್ಬಿಣದ ತುಂಡಿಗೆ ಹಿಂಗೇ ಬಡಿದು ಕರೀತಿದ್ದೆ ನಾನು. ಹುಟ್ಟಿದಾಗಿಂದ ಅವಕ್ಕೆ ಇದು ಊಟದ ಗಂಟೆ."

ಮೇಷ್ಟ್ರ ಕೈಯಿಂದ ಸುತ್ತಿಗೆ ಜಾರಿತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ಆಕೆ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. "ಬಿಚ್ಚಿ ಇಳಿಸಿ ಅದನ್ನ," ಎಂದಳು, ಅಷ್ಟೇ.

ಗಂಟೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳುವಾಗ ಮೇಷ್ಟ್ರಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನಾಚಿಕೆಯ ಪಕ್ಕದಲ್ಲೇ, ಹೇಳಿಕೊಳ್ಳಲಾಗದ ಒಂದು ಸಂತೋಷವೂ ಕೂತಿತ್ತು. ಮೊದಲ ಗಂಟೆಗೆ ಮಕ್ಕಳು ಕಾಲೆಳೆದುಕೊಂಡು ಬರುತ್ತಿದ್ದರು, ಲಾಂಗ್ ಬೆಲ್ಲಿಗೆ ಹಿಂತಿರುಗಿ ನೋಡದೆ ಓಡುತ್ತಿದ್ದರು. ಅವರ ಗಂಟೆ ಕೇಳಿ ಖುಷಿಯಿಂದ ಅವರ ಕಡೆಗೇ ಓಡಿ ಬಂದವರು ಇಷ್ಟು ವರ್ಷದಲ್ಲಿ ಇವರೇ ಮೊದಲು.

ಗಂಟೆಯಿಲ್ಲದ ಮನೆಯಲ್ಲಿ ಮೇಷ್ಟ್ರಿಗೆ ದಿಕ್ಕೇ ತೋಚಲಿಲ್ಲ. ಹನ್ನೊಂದಕ್ಕೇ ತಟ್ಟೆಯ ಮುಂದೆ ಕೂರುವರು, ಇಲ್ಲವೇ ಮೂರಾದರೂ ಮರೆಯುವರು. ಕೋಳಿಗಳು ಕತ್ತಲಾದರೂ ಅಂಗಳದಲ್ಲಿ ಸುಳಿದಾಡಿದವು. ಕಾಂಗರೂಗಳಂತೂ ಹೋಗಲೂ ಇಲ್ಲ, ಮೇಯಲೂ ಇಲ್ಲ. ಏಳೂ ಹಿತ್ತಿಲ ಬಾಗಿಲೆದುರು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ, ಮುಂಗೈ ಕಟ್ಟಿಕೊಂಡು, ಬರಿದಾದ ತೊಲೆಯನ್ನೇ ನೋಡುತ್ತಿದ್ದವು. ಗಿಡ್ಡನೆಯವು ಮುಂದೆ, ಎತ್ತರದವು ಹಿಂದೆ ಇದ್ದವು. ಬಟ್ಟೆ ಒಣಹಾಕಲು ಬಂದ ಹೆಂಡತಿ ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತ, "ಸ್ವಲ್ಪ ಜರುಗ್ರಪ್ಪಾ," ಎಂದು ಅಂದೇ ಬಿಟ್ಟಳು.

ಹತ್ತನೆಯ ದಿನ ಅಧಿಕಾರಿಣಿ ಲಾರಿಯೊಂದಿಗೆ ಬಂದರು. 'ಮೊಲ, ದೊಡ್ಡದು' ಮೇಲಿನವರೆಗೂ ಹೋಗಿ, ಅಲ್ಲಿಂದ 'ಎಷ್ಟು ದೊಡ್ಡದು?' ಎಂದು ಪ್ರಶ್ನೆ ಬಂದು, ಕಡೆಗೆ ಫೋಟೊ ಕಳಿಸಬೇಕಾಗಿತ್ತಂತೆ. ದೂರದ ಪ್ರಾಣಿಧಾಮದಲ್ಲಿ ಜಾಗವಾಗಿತ್ತು. ಆದರೆ ಬಲೆ ಹಿಡಿದ ನಾಲ್ವರು ಮಧ್ಯಾಹ್ನದವರೆಗೆ ಓಡಿ ಹಿಡಿದದ್ದು ಒಬ್ಬರು ಇನ್ನೊಬ್ಬರನ್ನೇ.

"ಗಂಟೆ ಹೊಡೀರಿ ಯಜಮಾನ್ರೇ, ಇನ್ನು ಬೇರೆ ದಾರಿ ಇಲ್ಲ," ಎಂದರು ಗಂಟೆಯ ಕಥೆಯನ್ನು ಅಷ್ಟರಲ್ಲಿ ಕೇಳಿದ್ದ ಅಧಿಕಾರಿಣಿ.

ಮೇಷ್ಟ್ರು ಮಂಚದ ಕೆಳಗಿಂದ ಗಂಟೆ ತೆಗೆದು, ಲಾರಿಯ ಮೇಲೆ ಹತ್ತಿ ನಿಂತು ಹೊಡೆದರು. ಏಳೂ ಕಿವಿ ನೆಟ್ಟಗೆ ಮಾಡಿಕೊಂಡು, ಹಲಗೆಯ ಮೇಲೆ ಒಂದೊಂದಾಗಿ ನೆಗೆಯುತ್ತ ಬಂದು ಅವರ ಸುತ್ತ ನಿಂತವು. ಒಂದು ಅವರ ಅಂಗಿಯ ಜೇಬು ಮೂಸಿತು. ಅಲ್ಲಿ ಏನೂ ಇರಲಿಲ್ಲ. ಕೆಳಗಿಳಿಯುವಾಗ ಮೇಷ್ಟ್ರು ಯಾರ ಮುಖವನ್ನೂ ನೋಡಲಿಲ್ಲ.

ಗಂಟೆ ಮತ್ತೆ ತೊಲೆಗೇರಿತು. ಆದರೆ ವಾರ ಕಳೆಯುವುದರೊಳಗೆ ಜೀಪು ಮತ್ತೆ ಬಂತು.

"ಅವು ಏನೂ ತಿಂತಿಲ್ಲ," ಎಂದರು ಅಧಿಕಾರಿಣಿ, ಜಗಲಿಯ ಮೇಲೆ ಕೂರದೆಯೇ. "ಸೊಪ್ಪು ಮುಂದೆ ಬಿದ್ದಿರುತ್ತೆ, ಸುಮ್ನೆ ಮೇಲೆ ನೋಡ್ತಾ ನಿಂತಿರ್ತಾವೆ. ಕಬ್ಬಿಣ ಬಡಿದ್ವಿ, ತಗಡು ಬಡಿದ್ವಿ, ಜಗ್ಗಲಿಲ್ಲ. ಈಗ ನಿಮ್ಮ ಕಂಚಿನ ದನಿಗೇ ಒಗ್ಗಿ ಹೋಗಿದಾವೆ. ನಿಮ್ಮ ಗಂಟೆ ಕೊಡ್ತೀರಾ ಅಂತ ಕೇಳೋಕೆ ಬಂದೆ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ ಬಿರುಗಾಳಿಯಂತೆ ಬಂದಳು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ! ಅದಿಲ್ದೆ ಈ ಮನುಷ್ಯ ಹತ್ತು ದಿನ ಹೆಂಗಿದ್ರು ಅಂತ ನೋಡಿದೀನಿ ನಾನು."

ಮೇಷ್ಟ್ರು ಅಚ್ಚರಿಯಿಂದ ಅವಳನ್ನೇ ನೋಡಿದರು. ಆಮೇಲೆ ಏಣಿ ತಂದರು.

"ಹಸ್ಕೊಂಡು ನಿಂತಿರೋರಿಗೆ ಊಟದ ಗಂಟೆ ಹೊಡೀದೆ ಇರೋಕಾಗುತ್ತೇನೇ?" ಎಂದರು. ಗಂಟೆಯನ್ನು ಅಧಿಕಾರಿಣಿಯ ಕೈಗಿಟ್ಟು ಹೊಡೆಯುವುದನ್ನು ಕಲಿಸಿದರು: "ತಗ್ಗಿನ ಅಂಚಿಗೆ ಹೊಡೀಬೇಕು, ನಡುವೆ ಅಲ್ಲ. ಮೂರು ಪೆಟ್ಟು ಆದ್ಮೇಲೆ ಒಂದು ಉಸಿರು ಬಿಡಿ. ಆಮೇಲೆ ಇನ್ನೊಂದು. ಲಾಂಗ್ ಬೆಲ್ ಬೇಡ ಮೇಡಂ, ಅದು ಮನೆಗೆ ಹೋಗೋಕೆ." ಜೀಪು ತಿರುವು ದಾಟುವವರೆಗೆ ಗೇಟು ಹಿಡಿದು ನಿಂತಿದ್ದು, ಬಂದು ಮಲಗಿದರು.

ಮರುದಿನ ಅವರು ಉಳಿದೆರಡು ಹುರುಳಿಕಾಯಿ ಸಾಲುಗಳಾಚೆ ಕಳೆ ಕೀಳುತ್ತ ಕೂತಿದ್ದರು. ಹೊತ್ತೆಷ್ಟಾಯಿತೋ ತಿಳಿಯಲಿಲ್ಲ, ತಿಳಿದು ಆಗಬೇಕಾದ್ದೂ ಇರಲಿಲ್ಲ. ಆಗ ಮನೆಯ ಕಡೆಯಿಂದ ಸದ್ದು ಕೇಳಿತು. ಊಟದ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದ ಸದ್ದು. ಮೂರು ಪೆಟ್ಟು. ಒಂದು ಉಸಿರಿನಷ್ಟು ಬಿಡುವು. ಮತ್ತೊಂದು ಪೆಟ್ಟು.

ಮೇಷ್ಟ್ರು ತಲೆಯೆತ್ತಿದರು. ಹಿತ್ತಿಲ ಬಾಗಿಲಲ್ಲಿ ಹೆಂಡತಿ ತಟ್ಟೆ ಎತ್ತಿ ಹಿಡಿದು ನಿಂತಿದ್ದಳು. ಸಾವಿರಾರು ಮಕ್ಕಳಿಗೆ ಗಂಟೆ ಹೊಡೆದ ಮನುಷ್ಯನಿಗಾಗಿ ಯಾರಾದರೂ ಗಂಟೆ ಹೊಡೆದದ್ದು ಅದೇ ಮೊದಲು. ಅವರು ಕೈಯಲ್ಲಿದ್ದ ಕಳೆಯನ್ನು ಅಲ್ಲೇ ಬಿಟ್ಟು ಎದ್ದರು. ನಡೆಯಬೇಕೆಂದೇ ಹೊರಟರು, ಆದರೆ ಮೊದಲ ಸಾಲು ಬಂದಾಗ ಕಾಲು ತಾನಾಗಿ ನೆಗೆಯಿತು. ಎರಡನೆಯದನ್ನೂ ನೆಗೆದರು.

"ನಿಧಾನ ಕಣ್ರೀ, ನನ್ನ ಬಳ್ಳಿ!" ಎಂದು ಹೆಂಡತಿ ಕೂಗಿದಳು. ಅಷ್ಟರಲ್ಲಿ ಮೇಷ್ಟ್ರು ಓಡುತ್ತಿದ್ದರು.