ಇಲ್ಲದ ಸಿನಿಮಾಕ್ಕೆ ಮೂವರು ಸಾಕ್ಷಿ

ಹಲ್ಲು ಡಾಕ್ಟರ ಕುರ್ಚಿಯಲ್ಲಿ ಕೂತವರಿಗೆ ಎರಡು ನೋವು. ಒಂದು ಹಲ್ಲಿನದು, ಇನ್ನೊಂದು ಕುಂಟ ಪತ್ತೇದಾರನದು. ಕಾದಂಬರಿಗಳಿಂದೆದ್ದು ಬಂದು ತೆರೆಯ ಮೇಲೆಲ್ಲ ಕುಂಟಿದ ಆ ಮಹಾಶಯನ ಅಷ್ಟೂ ಸಿನಿಮಾಗಳು ಡಾಕ್ಟರಿಗೆ ಬಾಯಿಪಾಠ. ಬಾಯಿಗೆ ಹತ್ತಿ ತುರುಕಿಸಿಕೊಂಡವರು ಸಾಕು ಅನ್ನುವುದಾದರೂ ಹೇಗೆ? ಕೇಳುತ್ತಿದ್ದರು, ಪಾಪ.

ಅರ್ಧ ಆಯಸ್ಸು ಸವೆಸಿ ಡಾಕ್ಟರು ಆ ಸಿನಿಮಾಗಳ ಮೇಲೊಂದು ಆಕರಗ್ರಂಥ ಬರೆದರು. ಪತ್ತೇದಾರನ ಪಾರ್ಟು ಯಾರದು, ಕೊಲೆಗಾರ ಯಾರು, ರೀಲು ಎಷ್ಟು, ಎಲ್ಲ. ಯಾರಾದರೂ ಅನಾಮತ್ತಾಗಿ ಎತ್ತಿಬಿಟ್ಟರೆ? ಅದಕ್ಕೆ ಇಂಥ ಪುಸ್ತಕ ಬರೆಯುವವರಲ್ಲಿ ಒಂದು ಉಪಾಯವಿದೆ: ಇಲ್ಲದ ಸಿನಿಮಾ ಒಂದನ್ನು ನಡುವೆ ತೂರಿಸುವುದು. ಕದ್ದವನು ಅದನ್ನೂ ಕದ್ದು ಸಿಕ್ಕಿಬೀಳುತ್ತಾನೆ. ಹಾಗೆ ಹುಟ್ಟಿದ್ದು ‘ಮೂರನೆಯ ಕೊಡೆ’. ಅಡುಗೆಮನೆಯ ಮೇಜಿಗೆ ಕೂತು, ಹೆಂಡತಿ ಬಟಾಣಿ ಸುಲಿಯುತ್ತ, ಇವರು ಬರೆಯುತ್ತ, ಇಬ್ಬರೂ ನಕ್ಕು ನಕ್ಕು ಕಟ್ಟಿದ ಕಥೆ. ಕೊಲೆಗಾರ್ತಿ ಅತ್ತೆಯೇ ಆಗಲಿ ಅಂದವಳು ಹೆಂಡತಿ.

ಎಷ್ಟೋ ವರ್ಷದ ಮೇಲೆ ಕಾಲೇಜು ಮೇಷ್ಟ್ರೊಬ್ಬರು ಅದೇ ವಿಷಯದ ಮೇಲೆ ದಪ್ಪ ಪುಸ್ತಕ ತಂದರು. ಡಾಕ್ಟರು ಪುಟ ತಿರುವಿದರು. ‘ಮೂರನೆಯ ಕೊಡೆ’, ಅತ್ತೆಯ ಸಮೇತ! ಡಾಕ್ಟರ ಹೆಸರು ಮಾತ್ರ ಎಲ್ಲೂ ಇಲ್ಲ. ಅವರ ದುಡಿಮೆಯನ್ನೆಲ್ಲ ಹಾಡಹಗಲೇ ನುಂಗಿ ನೀರು ಕುಡಿದಿದ್ದ ಆಸಾಮಿ.

“ಈ ಕಥೆ ಕಟ್ಟಿದ್ದು ನಾನು ಅನ್ನೋದಕ್ಕೆ ನೀನೊಬ್ಬಳೇ ಸಾಕ್ಷಿ, ಬಾ,” ಎಂದು ಹೆಂಡತಿಯನ್ನು ಕರೆದುಕೊಂಡು, ಪುಸ್ತಕದಂಗಡಿಯಲ್ಲಿ ಮೇಷ್ಟ್ರು ಮಾತಾಡುವ ಸಭೆಗೆ ಹೋದರು. ಎದ್ದು ನಿಂತು, ಈ ಸಿನಿಮಾ ಹುಟ್ಟೇ ಇಲ್ಲ, ನಾನೇ ಕಟ್ಟಿದ್ದು ಅಂದರು.

ಕಳ್ಳನ ಮನಸ್ಸು ಹುಳ್ಳಗೆ ಅಂತಾರೆ. ಈ ಮೇಷ್ಟ್ರು ರೆಪ್ಪೆಯನ್ನೂ ಮಿಟುಕಿಸಲಿಲ್ಲ. “ಏನ್ ಡಾಕ್ಟ್ರೇ, ಚಿಕ್ಕವನಿದ್ದಾಗ ನಾನೇ ನೋಡಿದೀನಲ್ಲ!”

ಹಿಂದಿನ ಸಾಲಿನ ಮುದುಕರೊಬ್ಬರು ತಲೆಯಾಡಿಸಿದರು. “ನಾನೂ ನೋಡಿದೀನಪ್ಪ. ಆ ಅತ್ತೆ ಪಾರ್ಟಿನವಳು ಚೆನ್ನಾಗಿ ಮಾಡಿದ್ಲು.”

ಸುಳ್ಳಿಗೆ ಸಾಕ್ಷಿ ಇಷ್ಟು ಅಗ್ಗವೇ? “ನೀನು ಹೇಳೇ,” ಅಂದರು ಡಾಕ್ಟರು ಹೆಂಡತಿಗೆ. ಸಭೆಯೆಲ್ಲ ತಿರುಗಿತು.

ಆಕೆ ಕೈಚೀಲವನ್ನು ಮಡಿಲಿಗೆಳೆದುಕೊಂಡಳು. “ನಾನೂ ನೋಡಿದೀನಿ. ಇವರ ಜೊತೇಲೇ ನೋಡಿದ್ದು.”

ಸಭೆ ಗೊಳ್ಳೆಂದಿತು. ವಯಸ್ಸಾಯ್ತು ಬಿಡಿ ಡಾಕ್ಟ್ರಿಗೆ, ಅಂತ ಯಾರೋ ಅಂದರು. ಆಮೇಲೆ ಏನಾಯಿತು, ಬಸ್ ನಿಲ್ದಾಣಕ್ಕೆ ಹೇಗೆ ಬಂದರು, ಒಂದೂ ಅವರಿಗೆ ಗೊತ್ತಾಗಲಿಲ್ಲ.

“ನಂಬಿದವಳೇ ಕತ್ತು ಕೊಯ್ದೆಯಲ್ಲೇ,” ಅಂದರು ಕೊನೆಗೆ. “ನನ್ನ ಪುಸ್ತಕ ಹೋಯ್ತು, ಮರ್ಯಾದೆ ಹೋಯ್ತು. ಯಾಕೆ ಹಾಗಂದೆ?”

“ಇದ್ದದ್ದನ್ನೇ ಅಂದೆ ರೀ,” ಅಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. “ಅಷ್ಟೂ ಸಿನಿಮಾ ಒಬ್ಬರೇ ನೋಡಿಬಂದ್ರಿ. ಬರ್ಕೋಬೇಕು, ಪಕ್ಕದಲ್ಲಿ ಯಾರೂ ಇರಬಾರದು ಅಂದ್ರಿ. ಸರಿ, ಮನೇಲೇ ಉಳಿದೆ. ನಿಮ್ಮ ಜೊತೆ ಕೂತು, ಬಟಾಣಿ ಸುಲೀತಾ, ನಾನು ನೋಡಿದ್ದು ಅದೊಂದೇ. ಅದೂ ಇರಲಿಲ್ಲ ಅಂತ, ಅಷ್ಟು ಜನರ ಮುಂದೆ, ನನ್ನ ಬಾಯಿಂದಲೇ ಹೇಳಿಸಬೇಕಿತ್ತಾ?”

ಬಸ್ಸು ಬಂತು. ಆಕೆ ಹತ್ತಿದಳು. ಡಾಕ್ಟರಿಗೆ ತಾವೂ ಹತ್ತಬೇಕೆಂಬುದು ತೋಚಲಿಲ್ಲ.